ನಡೆಯಬಲ್ಲ ಮಗುವಿಗೂ ಗಾಲಿಕುರ್ಚಿ ಬೇಕಾಗುತ್ತದೆ

ಫ್ಲೋರಿಡಾದ ಒರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ದೊಡ್ಡ ಥೀಮ್ ಪಾರ್ಕುಗಳಿವೆ. ಅವುಗಳಲ್ಲಿ ಒಂದಾದ, 1982ರಲ್ಲಿ ತೆರೆದ ಎಪ್ಕಾಟ್‌ನಲ್ಲಿ ಕೆರೆಯೊಂದರ ಸುತ್ತ ಹನ್ನೊಂದು ದೇಶಗಳ ಮಂಟಪಗಳನ್ನು ಕಟ್ಟಿದ್ದಾರೆ. ಆ ಕೆರೆಯನ್ನು ಒಂದು ಸುತ್ತು ಹಾಕಿ ಬಂದರೆ ಸುಮಾರು ಎರಡು ಕಿಲೋಮೀಟರ್ ನಡೆದಂತಾಗುತ್ತದೆ. ಕಾರು ನಿಲ್ಲಿಸಿದ ಜಾಗದಿಂದ ಗೇಟಿಗೆ, ಒಂದು ಆಟದಿಂದ ಇನ್ನೊಂದಕ್ಕೆ, ಊಟಕ್ಕೆ, ಶೌಚಾಲಯಕ್ಕೆ, ಸಂಜೆ ಮತ್ತೆ ಗೇಟಿಗೆ ಎಂದು ಕೂಡಿಸುತ್ತ ಹೋದರೆ ದಿನಕ್ಕೆ ಹತ್ತು ಕಿಲೋಮೀಟರ್ ದಾಟುವುದು ಅಲ್ಲಿ ಅಪರೂಪವಲ್ಲ. ಸಾಲಿನಲ್ಲಿ ನಿಲ್ಲುವ ಹೊತ್ತು ಇದಕ್ಕೆ ಹೊರತು. ಬೇಸಿಗೆಯ ಮಧ್ಯಾಹ್ನ 33 ಡಿಗ್ರಿ ಆಸುಪಾಸಿನ ಬಿಸಿಲು, ಜೊತೆಗೆ ನಮ್ಮ ಕರಾವಳಿಯಂಥ ಸೆಕೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ಅಜ್ಜಿಯನ್ನು ಇಂಥ ಜಾಗಕ್ಕೆ ಕರೆದೊಯ್ಯುವಾಗ ಗೇಟಿನಲ್ಲೇ ಒಂದು ಗಾಲಿಕುರ್ಚಿ ಬಾಡಿಗೆಗೆ ಪಡೆಯಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಆದರೆ ಸೆರೆಬ್ರಲ್ ಪಾಲ್ಸಿಯೋ, ಸ್ನಾಯು ದೌರ್ಬಲ್ಯವೋ, ಬಾಲ್ಯದ ಸಂಧಿವಾತವೋ, ಹೃದಯದ ತೊಂದರೆಯೋ ಇರುವ ಒಂಬತ್ತು ವರ್ಷದ ಮೊಮ್ಮಗನ ವಿಷಯಕ್ಕೆ ಬಂದಾಗ ಮಾತು ಬದಲಾಗುತ್ತದೆ. ‘ಮನೇಲಿ ಓಡಾಡ್ಕೊಂಡೇ ಇರ್ತಾನಲ್ಲ, ಅವನಿಗ್ಯಾಕೆ ವೀಲ್‌ಚೇರ್?’

ಪ್ರೀತಿಯಿಂದಲೇ ಬರುವ ಪ್ರಶ್ನೆ ಇದು. ಆದರೆ ಕೇಳುತ್ತಿರುವ ರೀತಿಯೇ ಸರಿಯಿಲ್ಲ. ಮಗು ನಡೆಯುತ್ತದೆಯೋ ಇಲ್ಲವೋ ಎಂಬುದಕ್ಕೆ ಒಂದೇ ಉತ್ತರ ಇರುವುದಿಲ್ಲ. ಎಷ್ಟು ದೂರ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಮೆಲ್ಬರ್ನ್‌ನ ರಾಯಲ್ ಚಿಲ್ಡ್ರನ್ಸ್ ಹಾಸ್ಪಿಟಲ್‌ನ ವೈದ್ಯರು ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಿಗಾಗಿ ರೂಪಿಸಿ 2004ರಲ್ಲಿ ಪ್ರಕಟಿಸಿದ ‘ಫಂಕ್ಷನಲ್ ಮೊಬಿಲಿಟಿ ಸ್ಕೇಲ್’ ಎಂಬ ಮಾಪನ ಇದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಅದು ಒಂದೇ ಮಗುವಿಗೆ ಮೂರು ಬೇರೆ ಬೇರೆ ಅಂಕ ಕೊಡುತ್ತದೆ: ಮನೆಯೊಳಗಿನ ಓಡಾಟಕ್ಕೆ 5 ಮೀಟರ್, ಶಾಲೆಗೆ 50 ಮೀಟರ್, ಅಂಗಡಿ ಬೀದಿಯಂಥ ಹೊರಗಿನ ಜಾಗಕ್ಕೆ 500 ಮೀಟರ್. ಗಾಲಿಕುರ್ಚಿ ಬೇಕಿದ್ದರೆ 1, ಎಲ್ಲ ಬಗೆಯ ನೆಲದ ಮೇಲೂ ಯಾರ ನೆರವೂ ಇಲ್ಲದೆ ನಡೆದರೆ 6. ಮನೆಯಲ್ಲಿ 5, ಶಾಲೆಯಲ್ಲಿ 3, ಹೊರಗೆ 1 ಎಂದು ಅಂಕ ಬರುವ ಮಗುವಿನಲ್ಲಿ ವೈದ್ಯರಿಗೆ ಯಾವ ವಿರೋಧಾಭಾಸವೂ ಕಾಣುವುದಿಲ್ಲ. ಅಡುಗೆಮನೆಗೆ ಬರಿಗಾಲಲ್ಲಿ ನಡೆದು ಬರುವ, ಶಾಲೆಯಲ್ಲಿ ಊರುಗೋಲು ಹಿಡಿಯುವ, ಪೇಟೆಗೆ ಹೋದರೆ ಕುರ್ಚಿ ಬೇಕಾಗುವ ಒಂದೇ ಮಗು ಅದು. ಈ ಮಾಪನ ನಿಲ್ಲುವುದೇ 500 ಮೀಟರಿಗೆ. ಥೀಮ್ ಪಾರ್ಕಿನ ದಿನ ಅದರ ಇಪ್ಪತ್ತು ಪಟ್ಟು.

ನಡೆಯುವುದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಿಕೊಳ್ಳಬೇಕು. ಬಿಗಿದ ಸ್ನಾಯುಗಳ, ಬಾಗಿದ ಮಂಡಿಗಳ ಮಗು ಅದೇ ದೂರವನ್ನು ನಡೆಯಲು ತನ್ನ ಓರಗೆಯವರಿಗಿಂತ ಎರಡು ಪಟ್ಟು, ಕೆಲವೊಮ್ಮೆ ಮೂರು ಪಟ್ಟು ಶಕ್ತಿ ವ್ಯಯಿಸುತ್ತದೆ. ಹೊರಗಿನಿಂದ ನೋಡುವವರಿಗೆ ಕಾಣುವುದು ಸ್ವಲ್ಪ ಕುಂಟುವ ನಡಿಗೆ ಮಾತ್ರ. ಹನ್ನೊಂದು ಗಂಟೆಗೆ ಅದು ಚೆನ್ನಾಗಿಯೇ ಇರುತ್ತದೆ. ಒಂದು ಗಂಟೆಯ ಹೊತ್ತಿಗೆ ಪಾದದ ಮುಂಭಾಗ ನೆಲಕ್ಕೆ ಉಜ್ಜತೊಡಗುತ್ತದೆ, ಎಡವುವುದು ಹೆಚ್ಚುತ್ತದೆ, ಮಾತು ಕಡಿಮೆಯಾಗುತ್ತದೆ, ಸಣ್ಣದಕ್ಕೂ ಅಳು ಬರುತ್ತದೆ. ಆಮೇಲೆ ಉಳಿಯುವುದು ಅಪ್ಪ ಎತ್ತಿಕೊಳ್ಳುವುದು, ಇಲ್ಲವೇ ಅಮ್ಮ ಮತ್ತು ಮಗು ನೆರಳಿನಲ್ಲಿ ಕೂತು ಉಳಿದವರು ಆಟ ಮುಗಿಸಿ ಬರುವುದನ್ನು ಕಾಯುವುದು, ಇಲ್ಲವೇ ಎಲ್ಲರೂ ವಾಪಸು ಹೊರಡುವುದು. ಯಾವುದನ್ನು ಆರಿಸಿದರೂ ಮನೆಯವರ ಖುಷಿ ಮುಗಿದದ್ದು ತನ್ನಿಂದ ಎಂಬುದು ಆ ವಯಸ್ಸಿನ ಮಗುವಿಗೆ ಅರ್ಥವಾಗುತ್ತದೆ. ನಡೆಯುವ ಶಕ್ತಿಯನ್ನು ಹಾದಿಯಲ್ಲಿ ಸುರಿಯದೆ, ಆಟದ ಮೆಟ್ಟಿಲು ಹತ್ತಲು, ದೋಣಿಯೊಳಗೆ ಇಳಿಯಲು, ತಂಗಿಯ ಜೊತೆ ಕಾರಂಜಿಯ ಸುತ್ತ ಓಡಲು ಉಳಿಸಿಕೊಡುವುದು ಗಾಲಿಯ ಕೆಲಸ.

ಫಿಸಿಯೋಥೆರಪಿಗೆಂದು ವರ್ಷಗಟ್ಟಲೆ ಅಲೆದ ತಂದೆ ತಾಯಿಗೆ ಇಲ್ಲಿ ಒಂದು ಗಟ್ಟಿ ಆಕ್ಷೇಪ ಇರುತ್ತದೆ. ಕುರ್ಚಿಯ ರುಚಿ ಹತ್ತಿದರೆ ಮಗು ನಡೆಯುವುದನ್ನೇ ಬಿಟ್ಟುಬಿಡುತ್ತದೆ, ಇಷ್ಟು ದಿನದ ಶ್ರಮ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ ಎಂಬ ಭಯ. ಈ ಭಯವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಿನವಿಡೀ, ಎಲ್ಲ ಕಡೆ ಕೂತೇ ಇರುವ ಮಗುವಿನ ಸ್ನಾಯುಗಳು ಬಿಗಿಯುವುದು ನಿಜ. ಆದರೆ ದೂರದ ಹಾದಿಗೆ ಮಾತ್ರ ಗಾಲಿ ಬಳಸುವುದು ಬೇರೆ ಸಂಗತಿ. ಅಮೆರಿಕದ ಮರಿಯಾ ಜೋನ್ಸ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಚಲನೆಯ ತೀವ್ರ ತೊಂದರೆಯಿದ್ದ ಎರಡೂವರೆ ವರ್ಷದೊಳಗಿನ ಮಕ್ಕಳಲ್ಲಿ ಒಂದು ಗುಂಪಿಗೆ ಮೋಟಾರು ಕುರ್ಚಿ ಕೊಟ್ಟು ಒಂದು ವರ್ಷ ಗಮನಿಸಿದರು. ಕುರ್ಚಿ ಸಿಕ್ಕ ಮಕ್ಕಳು ಓಡಾಟದಲ್ಲಷ್ಟೇ ಅಲ್ಲ, ಮಾತನ್ನು ಗ್ರಹಿಸುವುದರಲ್ಲೂ ಇನ್ನೊಂದು ಗುಂಪಿಗಿಂತ ಮುಂದೆ ಹೋದರು. ಸಣ್ಣ ಅಧ್ಯಯನ ಅದು, ಮಕ್ಕಳ ವಯಸ್ಸೂ ಬೇರೆ; ಆದರೂ ಗಾಲಿ ಬಂದರೆ ಬೆಳವಣಿಗೆ ನಿಲ್ಲುತ್ತದೆ ಎಂಬ ಅನುಮಾನಕ್ಕೆ ಅದು ಎದುರುತ್ತರ. ಡುಶೆನ್ ಸ್ನಾಯುಕ್ಷಯದಲ್ಲಂತೂ ಲೆಕ್ಕ ಪೂರ್ತಿ ತಿರುಗುಮುರುಗು. ಆ ಕಾಯಿಲೆಯಲ್ಲಿ ಅತಿಯಾಗಿ ದಣಿಸುವುದೇ ಸ್ನಾಯುವಿಗೆ ಹಾನಿ. ಆದ್ದರಿಂದಲೇ ಹುಡುಗ ಇನ್ನೂ ನಡೆಯುತ್ತಿರುವ ಹಂತದಲ್ಲೇ ದೂರದ ಓಡಾಟಕ್ಕೆ ಹಗುರ ಕುರ್ಚಿಯೊಂದನ್ನು ಇಟ್ಟುಕೊಳ್ಳಿ ಎಂದು ತಜ್ಞರು ಸಲಹೆ ಮಾಡುತ್ತಾರೆ.

ಗಾಲಿ ಬೇಕು ಎಂದು ಒಪ್ಪಿದ ಮೇಲೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಟ್ರಾಲರ್ ಕಡೆಗೆ. ಮನೆಯಲ್ಲಿ ತಮ್ಮನಿಗೋ ತಂಗಿಗೋ ಕೊಂಡದ್ದು ಇರುತ್ತದೆ, ಪಾರ್ಕಿನಲ್ಲೂ ಬಾಡಿಗೆಗೆ ಸಿಗುತ್ತದೆ, ‘ವೀಲ್‌ಚೇರ್’ ಎಂಬ ಮಾತನ್ನು ಆಡುವ ಪ್ರಮೇಯವೂ ಇರುವುದಿಲ್ಲ. ಅಡ್ಡಿ ಇರುವುದು ತೂಕದಲ್ಲಿ. ಡಿಸ್ನಿಯಲ್ಲಿ ಬಾಡಿಗೆಗೆ ಕೊಡುವ ಒಂಟಿ ಸ್ಟ್ರಾಲರ್‌ನ ಮಿತಿ 50 ಪೌಂಡ್, ಅಂದರೆ 23 ಕಿಲೋಗೆ ತುಸು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದಲ್ಲಿ ಏಳು ತುಂಬಿದ ಹುಡುಗನ ಮಧ್ಯಮ ತೂಕವೇ ಸುಮಾರು 23 ಕಿಲೋ, ಹತ್ತು ತುಂಬಿದವನದು 31. ಮಿತಿ ಮೀರಿದರೆ ಚೌಕಟ್ಟು ಮುರಿಯಬಹುದು ಎಂಬುದಷ್ಟೇ ತೊಂದರೆಯಲ್ಲ. ತಗ್ಗಾದ, ಜೋತುಬಿದ್ದ ಬಟ್ಟೆಯ ಸೀಟಿನಲ್ಲಿ ದೊಡ್ಡ ಮಗು ಕೂತರೆ ಸೊಂಟ ಹಿಂದಕ್ಕೆ ಜಾರುತ್ತದೆ, ಬೆನ್ನು ಗೂನಾಗುತ್ತದೆ, ಮಂಡಿಗಳು ಎದೆಯತ್ತ ಏರುತ್ತವೆ, ಕಾಲಿಡಲು ಜಾಗವಿಲ್ಲದೆ ಪಾದಗಳು ಮುಂದಿನ ಗಾಲಿಗೆ ತಾಗುತ್ತವೆ. ಒಂದೆರಡು ಗಂಟೆ ಹೀಗೆ ಕೂತು ಎದ್ದ ಮಗು ನಡೆದು ದಣಿದ ಮಗುವಿಗಿಂತ ಹೆಚ್ಚು ನೋವಿನಲ್ಲಿರುತ್ತದೆ. ಅಗಲ ಜಾಗವಿದೆ ಎಂದು ನಾಲ್ಕು ಚಕ್ರದ ವ್ಯಾಗನ್ ಹಿಡಿಯುವವರಿಗೂ ಡಿಸ್ನಿಯಲ್ಲಿ ದಾರಿಯಿಲ್ಲ. 2019ರ ಮೇ 1ರಿಂದ ಅಲ್ಲಿ ವ್ಯಾಗನ್‌ಗಳಿಗೆ ಪ್ರವೇಶವೇ ಇಲ್ಲ, ಸ್ಟ್ರಾಲರ್ 31 ಇಂಚು ಅಗಲ, 52 ಇಂಚು ಉದ್ದ ಮೀರುವಂತಿಲ್ಲ.

ದೊಡ್ಡ ಮಕ್ಕಳಿಗಾಗಿಯೇ ಮಾಡಿದ ವಿಶೇಷ ಸ್ಟ್ರಾಲರ್‌ಗಳು ಬೇರೆ ಇವೆ. ಗಟ್ಟಿ ಸೀಟು, ಎದೆಪಟ್ಟಿ, ಬದಿಗೆ ಆಸರೆ, ಪಾದ ಇಡಲು ಹಲಗೆ, ಮೇಲೆ ನೆರಳಿನ ಕೊಡೆ ಇರುವ ಇವು ಐವತ್ತು ಕಿಲೋ ಆಸುಪಾಸಿನ ತೂಕ ಹೊರಬಲ್ಲವು. ಮುಂಡ ನೇರ ನಿಲ್ಲದ, ಕೈಯಲ್ಲೂ ಬಲವಿಲ್ಲದ ಮಗುವಿಗೆ ಇದು ಒಳ್ಳೆಯ ಆಯ್ಕೆ. ಆಟಿಸಂ ಇರುವ, ಗದ್ದಲ ಹೆಚ್ಚಾದಾಗ ಮರೆಗೆ ಸರಿದು ಕೂರಬೇಕಾದ ಮಗುವಿಗೂ ಆ ಕೊಡೆಯ ಒಳಗಿನ ಮಬ್ಬು ನಿಜವಾದ ಆಸರೆ. ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ದೊಡ್ಡವರ ಕಣ್ಣು ತಪ್ಪಿಸಿ ಹೊರಟುಹೋಗಲು ನೋಡಿದ್ದಾರೆ ಎಂದು 2012ರ ಅಮೆರಿಕದ ಸಮೀಕ್ಷೆಯೊಂದು ಹೇಳಿತ್ತು. ಅಪರಿಚಿತ ಜನಜಂಗುಳಿಯಲ್ಲಿ ಹೆತ್ತವರಿಗಿರುವ ಆತಂಕ ಎಂಥದು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಎದೆಪಟ್ಟಿ ಇರುವುದು ಮೈಯನ್ನು ನೇರ ಹಿಡಿಯಲು. ಇಳಿಯಬೇಕು ಎನ್ನುವ ಮಗುವನ್ನು ಕಟ್ಟಿಹಾಕಲು ಅದನ್ನು ಬಳಸತೊಡಗಿದರೆ ಆಸರೆ ಹೋಗಿ ಸೆರೆಯಾಗುತ್ತದೆ. ಇಳಿಯಬೇಕೆಂದು ಮಗು ತೋರಿಸುವ ಸನ್ನೆಯೊಂದನ್ನು ಮೊದಲೇ ಗೊತ್ತುಮಾಡಿಕೊಂಡು, ಆ ಸನ್ನೆಗೆ ಪ್ರತಿ ಸಲವೂ ಬೆಲೆ ಕೊಡಬೇಕು.

ಕೈಗಳಲ್ಲಿ ಬಲವಿರುವ, ನೆಟ್ಟಗೆ ಕೂರಬಲ್ಲ ಮಗುವಿಗೆ ನನ್ನ ಮತ ಗಾಲಿಕುರ್ಚಿಗೇ. ಮೊದಲ ಕಾರಣ ಕಾನೂನಿನದು. ಅಮೆರಿಕದಲ್ಲಿ 2011ರ ಮಾರ್ಚ್‌ನಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ಜನ ಕಾಲ್ನಡಿಗೆಯಲ್ಲಿ ಹೋಗಬಲ್ಲ ಕಡೆಗೆಲ್ಲ ಗಾಲಿಕುರ್ಚಿಯನ್ನು ಬಿಡಲೇಬೇಕು. ಕುರ್ಚಿಯಲ್ಲಿರುವವರ ಅಂಗವೈಕಲ್ಯ ಯಾವ ಬಗೆಯದು, ಎಷ್ಟು ಎಂದು ಕೇಳುವಂತಿಲ್ಲ. ಸಾಮಾನ್ಯ ಸ್ಟ್ರಾಲರ್‌ಗೆ ಈ ರಕ್ಷಣೆ ಇಲ್ಲ. ಅದನ್ನು ಆಟದ ಬಾಗಿಲಲ್ಲಿ ಬಿಟ್ಟು ಸಾಲಿನುದ್ದಕ್ಕೂ ಮಗು ನಿಲ್ಲಬೇಕಾಗುತ್ತದೆ. ಡಿಸ್ನಿಯಲ್ಲಿ ಇದಕ್ಕೊಂದು ದಾರಿಯಿದೆ: ಗೆಸ್ಟ್ ರಿಲೇಷನ್ಸ್ ಕೌಂಟರಿಗೆ ಹೋಗಿ ಅಗತ್ಯ ತಿಳಿಸಿದರೆ, ಆ ಸ್ಟ್ರಾಲರನ್ನು ಗಾಲಿಕುರ್ಚಿಯೆಂದೇ ಪರಿಗಣಿಸಬೇಕೆಂಬ ಗುರುತುಪಟ್ಟಿ ಕೊಡುತ್ತಾರೆ. ಒಳ್ಳೆಯ ವ್ಯವಸ್ಥೆಯೇ. ಆದರೂ ಪಟ್ಟಿ ಕಾಣಿಸದ ಕಡೆಯೆಲ್ಲ ಹೆತ್ತವರು ಮತ್ತೆ ವಿವರಿಸಬೇಕು, ಅದನ್ನು ಮಗು ಪ್ರತಿ ಸಲ ಕೇಳಿಸಿಕೊಳ್ಳುತ್ತದೆ. ಕುರ್ಚಿಗೆ ವಿವರಣೆ ಬೇಕಿಲ್ಲ. ಎರಡನೆಯ ಕಾರಣ ಇನ್ನೂ ದೊಡ್ಡದು. ಸ್ಟ್ರಾಲರ್ ಚಲಿಸುವುದು ತಳ್ಳುವವರ ಇಚ್ಛೆಯಂತೆ. ಗಾಲಿಕುರ್ಚಿಯ ಹಿಂಗಾಲಿಯ ಅಂಚಿನ ಬಳೆ ಮಗುವಿನ ಕೈಗೆ ಎಟುಕುತ್ತದೆ. ಐಸ್‌ಕ್ರೀಮ್ ಅಂಗಡಿಯ ಮುಂದೆ ನಿಲ್ಲಬೇಕೋ ಮೆರವಣಿಗೆ ನೋಡಲು ಹತ್ತು ಅಡಿ ಮುಂದೆ ಸರಿಯಬೇಕೋ ಎಂಬುದನ್ನು ಹತ್ತು ವರ್ಷದವಳು ತಾನೇ ತೀರ್ಮಾನಿಸಿ ತಾನೇ ಹೋಗುತ್ತಾಳೆ. ಆ ವಯಸ್ಸಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಆದರೆ ಕೈಗೆಟುಕಬೇಕಾದರೆ ಕುರ್ಚಿ ಮಗುವಿನ ಅಳತೆಯದಾಗಿರಬೇಕು. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಣುವ ಮಡಚುವ ಕುರ್ಚಿಯ ಸೀಟು ಸಾಮಾನ್ಯವಾಗಿ 18 ಇಂಚು ಅಗಲ, ಅಂದರೆ 46 ಸೆಂಟಿಮೀಟರ್. ಹತ್ತು ವರ್ಷದ ಮಗುವಿನ ಸೊಂಟದ ಅಗಲ ಅದರ ಮೂರನೇ ಎರಡರಷ್ಟು ಇದ್ದರೆ ಹೆಚ್ಚು. ಅದರಲ್ಲಿ ಕೂತ ಮಗು ಒಂದು ಬದಿಗೆ ವಾಲಿ ಮೊಣಕೈ ಊರುತ್ತದೆ, ಬೆನ್ನೆಲುಬು ಬಿಲ್ಲಿನಂತೆ ಬಾಗುತ್ತದೆ. ಸೀಟು ಆಳವಾದ್ದರಿಂದ ಮಂಡಿ ಮಡಚಲು ಮುಂದಕ್ಕೆ ಜಾರುತ್ತದೆ. ಪಾದಗಳು ಹಲಗೆ ಮುಟ್ಟದೆ ತೂಗಾಡುತ್ತವೆ. ಗಾಲಿಯ ಬಳೆ ಹಿಡಿಯಲು ತೋಳನ್ನು ರೆಕ್ಕೆಯಂತೆ ಹೊರಕ್ಕೆ ಚಾಚಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಮಾರ್ಗಸೂಚಿಯೂ ಬಳಸುವವರ ಮೈಗೆ, ಬಳಸುವ ಜಾಗಕ್ಕೆ ಹೊಂದುವ ಕುರ್ಚಿಯನ್ನೇ ಸರಿಯಾದ ಕುರ್ಚಿ ಎಂದು ಕರೆಯಿತು. ಹೊಂದಿದೆಯೇ ಎಂದು ನೋಡುವುದು ಕಷ್ಟವಲ್ಲ. ಮಗು ಸೊಂಟವನ್ನು ಪೂರ್ತಿ ಹಿಂದಕ್ಕೆ ಸರಿಸಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಬೆರಳು ತೂರಬೇಕು. ಸೊಂಟದ ಎರಡು ಬದಿಗೂ ಅಂಗೈ ಚಪ್ಪಟೆಯಾಗಿ ತೂರಿದರೆ ಸಾಕು, ಮುಷ್ಟಿ ತೂರಿದರೆ ಅಗಲ ಹೆಚ್ಚಾಯಿತು. ಪಾದ ಹಲಗೆಯ ಮೇಲೆ ಸಮವಾಗಿ ಊರಿ ತೊಡೆ ಸೀಟಿಗೆ ತಾಗಿರಬೇಕು. ತೋಳು ಇಳಿಬಿಟ್ಟಾಗ ಬೆರಳ ತುದಿ ಗಾಲಿಯ ನಡುಗುಂಬದ ಹತ್ತಿರ ಬರಬೇಕು. ಇದರ ಜೊತೆಗೆ ಕುರ್ಚಿ ಹಿಂದಕ್ಕೆ ಮಗುಚದಂತೆ ತಡೆಯುವ ಪುಟ್ಟ ಗಾಲಿಗಳು, ಬೆರಳು ಸಿಕ್ಕಿಕೊಳ್ಳದಂತೆ ಕಡ್ಡಿಗಳಿಗೆ ಮುಚ್ಚಳ, ತಂದೆ ತಾಯಿಯ ಎತ್ತರಕ್ಕೆ ಹೊಂದುವ ಹಿಡಿಕೆ ಇದ್ದರೆ ದಿನ ಸಲೀಸು. ಅಪ್ಪ ಬಗ್ಗಿಯೇ ತಳ್ಳಬೇಕಾದ ಕುರ್ಚಿ ಎರಡನೇ ದಿನಕ್ಕೆ ಹೋಟೆಲಿನಲ್ಲೇ ಉಳಿಯುತ್ತದೆ.

ಮೋಟಾರಿನ ಸ್ಕೂಟರ್ ಬಾಡಿಗೆಗೆ ಸಿಗುತ್ತದಲ್ಲ ಎಂಬ ಯೋಚನೆಯನ್ನು ಬೇಗ ಮುಗಿಸಬಹುದು. ಡಿಸ್ನಿಯಲ್ಲಿ ಅದನ್ನು ಓಡಿಸಲು 18 ವರ್ಷ ತುಂಬಿರಬೇಕು. ತಂದೆಯೋ ತಾಯಿಯೋ ಓಡಿಸುತ್ತ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಮಗುವಿಗೆ ಸ್ವಂತ ಮೋಟಾರು ಕುರ್ಚಿ ಇದ್ದರೆ ಅದು ಬೇರೆ ಮಾತು.

ಎರಡನೆಯ ಆಕ್ಷೇಪ ಹೊರಗಿನವರದು. ನಡೆಯಬಲ್ಲ ಮಗುವನ್ನು ಕುರ್ಚಿಯಲ್ಲಿ ಕೂರಿಸುವುದು ಸಾಲು ತಪ್ಪಿಸುವ ಉಪಾಯ ಎಂಬ ಅನುಮಾನ. ಆಟದ ಬಾಗಿಲಲ್ಲಿ ಮಗು ಕುರ್ಚಿಯಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದಾಗ ಸುತ್ತಲಿನವರ ಕಣ್ಣಿನಲ್ಲಿ ಅದು ಕಾಣುತ್ತದೆ. ವಾಸ್ತವ ಬೇರೆ. ಡಿಸ್ನಿಯ ಬಹುತೇಕ ಆಟಗಳಲ್ಲಿ ಗಾಲಿಕುರ್ಚಿ ಹೋಗುವುದು ಎಲ್ಲರೂ ನಿಲ್ಲುವ ಅದೇ ಸಾಲಿನಲ್ಲಿ. ಸಾಲಿನ ಹೊರಗೆ ಕಾಯಲು ಬಿಡುವ ವಿಶೇಷ ಸೌಲಭ್ಯವನ್ನು 2024ರಲ್ಲಿ ಬಿಗಿಗೊಳಿಸಿ, ಆಟಿಸಂನಂಥ ಬೆಳವಣಿಗೆಯ ತೊಂದರೆಯಿಂದ ಹೆಚ್ಚು ಹೊತ್ತು ಸಾಲಿನಲ್ಲಿ ಕಾಯಲಾಗದವರಿಗೆ ಎಂದು ಮಿತಿಗೊಳಿಸಿದ್ದಾರೆ. ನಡೆಯುವ ತೊಂದರೆಯೊಂದೇ ಇರುವ ಮಗು ಎಲ್ಲರಂತೆ ಕಾಯುತ್ತದೆ, ಆದರೆ ಕೂತು ಕಾಯುತ್ತದೆ. ದುರ್ಬಲ ಕಾಲಿನವರಿಗೆ ಒಂದೇ ಕಡೆ ನಿಲ್ಲುವುದು ನಡೆಯುವುದಕ್ಕಿಂತಲೂ ಕಷ್ಟ, ಹಾಗಾಗಿ ಕುರ್ಚಿಯ ಹೆಚ್ಚಿನ ಉಪಯೋಗ ಆಗುವುದೇ ಸಾಲಿನಲ್ಲಿ. ಇನ್ನು ಎದ್ದು ನಾಲ್ಕು ಹೆಜ್ಜೆ ಹಾಕಬಲ್ಲ ಶಕ್ತಿ ಇಂಥ ಪಾರ್ಕಿನಲ್ಲಿ ದೊಡ್ಡ ಅನುಕೂಲ. ಕೆಲವು ಆಟಗಳಲ್ಲಿ ಕುರ್ಚಿಯಲ್ಲೇ ಉಳಿಯಬಹುದು, ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ನಲ್ಲಿ ಕುರ್ಚಿ ಹತ್ತುವ ದೋಣಿಯೇ ಇದೆ. ಹಲವು ಆಟಗಳಲ್ಲಿ ಆಟದ ಸೀಟಿಗೆ ತಾವೇ ದಾಟಿ ಕೂರಬೇಕು, ಅಲ್ಲಿನ ಸಿಬ್ಬಂದಿ ಯಾರನ್ನೂ ಎತ್ತುವುದಿಲ್ಲ. ಯಾವ ಆಟ ಯಾವ ಬಗೆಯದು ಎಂಬ ವಿವರ ಪಾರ್ಕಿನ ಮಾಹಿತಿಯಲ್ಲಿ ಇರುತ್ತದೆ. ಹೊರಡುವ ಮುನ್ನ ಮಗುವಿನ ಜೊತೆ ಕೂತು ಓದಿಕೊಳ್ಳಬೇಕು.

ನಿಜಕ್ಕೂ ಕಷ್ಟದ ಆಕ್ಷೇಪ ಮಗುವಿನದೇ. ಹನ್ನೊಂದು, ಹನ್ನೆರಡರ ಹೊತ್ತಿಗೆ ‘ನಾನು ಕೂರಲ್ಲ, ಎಲ್ಲರೂ ನೋಡ್ತಾರೆ’ ಎಂಬ ಮಾತು ಬರುತ್ತದೆ. ಗದರಿಸಿ ಕೂರಿಸುವುದು ತಪ್ಪು. ಸರಿ ಬಿಡು ಎಂದು ಕುರ್ಚಿಯನ್ನೇ ಬಿಟ್ಟು ಹೋಗುವುದೂ ತಪ್ಪು. ಕುರ್ಚಿ ಜೊತೆಗಿರಲಿ, ಯಾವಾಗ ಕೂರಬೇಕೆಂಬುದು ಮಗುವಿನ ಕೈಯಲ್ಲಿರಲಿ. ಬೆಳಗಿನ ಮೊದಲ ಗಂಟೆ ಚೀಲ, ನೀರಿನ ಬಾಟಲಿ ಹೊತ್ತುಕೊಂಡು ಖಾಲಿ ಕುರ್ಚಿ ಉರುಳಲಿ. ಬಣ್ಣ ಆರಿಸುವುದು ಮಗುವಾಗಲಿ. ಮಗು ಕೂತಾಗ ಅದರೊಡನೆ ಮಾತಾಡುವವರು ಮುಂದೆ ಬಂದು ಕಣ್ಣಿನ ಮಟ್ಟಕ್ಕೆ ಬಗ್ಗಲಿ, ತಲೆಯ ಮೇಲಿನಿಂದ ‘ಅವನಿಗೇನು ಬೇಕಂತೆ?’ ಎಂದು ತಾಯಿಯನ್ನು ಕೇಳುವವರಿಗೆ ‘ಅವನನ್ನೇ ಕೇಳಿ’ ಎನ್ನುವ ಗಟ್ಟಿತನ ಮನೆಯವರಿಗಿರಲಿ. ನಾಚಿಕೆಗೆ ಕಾರಣ ಕುರ್ಚಿಯೊಂದೇ ಅಲ್ಲ. ಅದರಲ್ಲಿ ಕೂತೊಡನೆ ಎಲ್ಲರೂ ತನ್ನನ್ನು ಪುಟ್ಟ ಮಗುವಿನಂತೆ ಕಾಣತೊಡಗುವುದು ಕೂಡ.

ಮೂರು ದಿನದ ಪ್ರವಾಸಕ್ಕೆ ಇಷ್ಟು ಖರ್ಚೇ ಎಂಬ ಪ್ರಶ್ನೆಯೂ ನ್ಯಾಯದ್ದೇ. ಆದರೆ ಪ್ರವಾಸಕ್ಕೆಂದು ಕೊಂಡ ಕುರ್ಚಿ ಮದುವೆ ಛತ್ರಕ್ಕೆ, ಜಾತ್ರೆಗೆ, ವಿಮಾನ ನಿಲ್ದಾಣಕ್ಕೆ, ಶಾಲೆಯ ಪ್ರವಾಸಕ್ಕೂ ಬರುತ್ತದೆ. ಬಾಡಿಗೆಯೇ ಸಾಕು ಎನ್ನುವವರು ಒಂದು ವಿಷಯ ಗಮನಿಸಬೇಕು: ಡಿಸ್ನಿ ಪಾರ್ಕಿನೊಳಗೆ ಪಡೆದದ್ದನ್ನು ಅಲ್ಲೇ ಬಿಟ್ಟು ಬರಬೇಕು, ಮಗು ತೀರಾ ದಣಿದಿರುವ ಹೊತ್ತಿನ ಕೊನೆಯ ಹಾದಿಗೆ ಅದು ಒದಗುವುದಿಲ್ಲ. ಅಳತೆ ಕೊಟ್ಟು ಮೊದಲೇ ಕಾಯ್ದಿರಿಸಿದರೆ ಹೋಟೆಲಿಗೇ ತಂದುಕೊಡುವ ಹೊರಗಿನ ಬಾಡಿಗೆ ಅಂಗಡಿ ಮೇಲು. ಸ್ವಂತದ್ದನ್ನು ವಿಮಾನದಲ್ಲಿ ಒಯ್ಯುವುದಾದರೆ ಅಮೆರಿಕದ ನಿಯಮದಂತೆ ಇಂಥ ಸಾಧನವನ್ನು ಲಗೇಜಿನ ಲೆಕ್ಕಕ್ಕೆ ಸೇರಿಸುವಂತಿಲ್ಲ, ಶುಲ್ಕವನ್ನೂ ಹಾಕುವಂತಿಲ್ಲ. ಕುರ್ಚಿಯನ್ನು ವಿಮಾನದ ಬಾಗಿಲವರೆಗೆ ಬಳಸಿ, ಅಲ್ಲಿ ಒಪ್ಪಿಸುವ ಮುನ್ನ ದಿಂಬನ್ನೂ ಬಿಚ್ಚಲು ಬರುವ ಕಾಲುಹಲಗೆಯನ್ನೂ ತೆಗೆದು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಕಳೆದುಹೋಗುವುದು, ಮುರಿಯುವುದು ಹೆಚ್ಚಾಗಿ ಇವೇ. ಕುರ್ಚಿಯ ಫೋಟೊವೊಂದನ್ನು ತೆಗೆದಿಟ್ಟುಕೊಂಡರೆ ಹಾನಿಯಾದಾಗ ದೂರು ಕೊಡಲು ಸುಲಭ.

ಕರ್ನಾಟಕದಿಂದ ಹೊರಡುವವರು ಅಳತೆಗಾಗಿ ಅಮೆರಿಕ ತಲುಪುವವರೆಗೆ ಕಾಯಬೇಕಿಲ್ಲ. ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ 1959ರಲ್ಲಿ ಸ್ಥಾಪಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ಕೆಲಸದಲ್ಲಿ ದೀರ್ಘ ಕಾಲದಿಂದ ತೊಡಗಿವೆ. ಕಡಿಮೆ ಆದಾಯದ ಕುಟುಂಬಗಳಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಸಾಧನಗಳು ಸಿಗುತ್ತವೆ. ನಮ್ಮ ಪಾರ್ಕುಗಳ ಮಾತೂ ಇಲ್ಲಿ ಬರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಎಲ್ಲರಿಗೂ ಎಟುಕುವಂತೆ ಸೇವೆ ಕೊಡುವ ಹೊಣೆಯನ್ನು ಖಾಸಗಿಯವರ ಮೇಲೂ ಹೊರಿಸಿದೆ. ಬಿಡದಿಯ ವಂಡರ್‌ಲಾದಂಥ ಕಡೆ ನೀರಿನಾಟಗಳೇ ದೊಡ್ಡ ಆಕರ್ಷಣೆ, ಆದರೆ ನೀರು ಗಾಲಿಕುರ್ಚಿಯ ಬೇರಿಂಗಿಗೂ ದಿಂಬಿಗೂ ಶತ್ರು. ಇದಕ್ಕೂ ಪರಿಹಾರ ಇದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ 2010ರಲ್ಲಿ ವಿಕಲಚೇತನರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಮಾರ್ಗನ್ಸ್ ವಂಡರ್‌ಲ್ಯಾಂಡ್ ಎಂಬ ಪಾರ್ಕು 2017ರಲ್ಲಿ ನೀರಿನ ಉದ್ಯಾನವನ್ನೂ ತೆರೆಯಿತು. ಬ್ಯಾಟರಿಯನ್ನು ನೀರಿಗಿಳಿಸಲಾಗದ ಕಾರಣ ಅಲ್ಲಿ ಒತ್ತಿದ ಗಾಳಿಯಿಂದ ಓಡುವ ಕುರ್ಚಿಗಳನ್ನು ಬಳಸುತ್ತಾರೆ. ವಿಕಲಚೇತನರಿಗೆ ಪ್ರವೇಶ ಉಚಿತ. ನಮ್ಮಲ್ಲಿ ಅಷ್ಟು ದೊಡ್ಡದಾಗಿ ಶುರುಮಾಡಬೇಕಿಲ್ಲ. ಗೇಟಿನಲ್ಲಿ ಮಕ್ಕಳ ಅಳತೆಯ ಎರಡು ಕುರ್ಚಿ, ಒದ್ದೆಯಾದರೂ ಕೆಡದ ಒಂದು ಕುರ್ಚಿ ಇಟ್ಟರೆ ಅದೇ ಒಳ್ಳೆಯ ಆರಂಭ.

ಮಗುವಿನ ನಡಿಗೆಯ ಬಗ್ಗೆ ಸಂದೇಹವಿರುವ ತಂದೆ ತಾಯಿ ಟಿಕೆಟ್ ಕಾಯ್ದಿರಿಸುವ ಮೊದಲೇ ಫಿಸಿಯೋಥೆರಪಿಸ್ಟ್ ಬಳಿ ಹೋಗಿ ‘ನಡೆಯಬಹುದೇ’ ಎನ್ನುವ ಬದಲು ‘ಎಷ್ಟು ದೂರ, ಎಷ್ಟು ಹೊತ್ತು’ ಎಂದು ಕೇಳಿ. ಅಳತೆ ಕೊಟ್ಟು ಕುರ್ಚಿ ತಂದ ಮೇಲೆ ನೇರವಾಗಿ ವಿಮಾನ ಹತ್ತಬೇಡಿ. ಒಂದು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಲಾಲ್‌ಬಾಗಿನಲ್ಲೋ ನಿಮ್ಮೂರಿನ ದೊಡ್ಡ ಉದ್ಯಾನದಲ್ಲೋ ಅದನ್ನು ಬಳಸಿ ನೋಡಿ. ಎಲ್ಲಿ ಚುಚ್ಚುತ್ತದೆ, ಯಾವ ಏರಿನಲ್ಲಿ ಕೈ ಸೋಲುತ್ತದೆ, ಯಾವಾಗ ಕೂರಬೇಕೆನಿಸುತ್ತದೆ ಎಂಬುದನ್ನು ಮಗುವೇ ಹೇಳುತ್ತದೆ. ಅದನ್ನು ಬರೆದುಕೊಂಡು, ಕುರ್ಚಿಯನ್ನು ಸರಿಮಾಡಿಸಿಕೊಂಡು ಹೊರಡಿ.